ಹದಿನೇಳು ತುಂಬಿದ ಮಗ ಟೆಕ್ಸಸ್ಸಿನಲ್ಲಿ ಮಗುವಲ್ಲ

ಹೈಸ್ಕೂಲಿಗೆ ಹೋಗುವ ಮಗನೊಡನೆ ಪೊಲೀಸು, ಕೋರ್ಟು, ಜೈಲುಗಳ ವಿಷಯ ಮಾತನಾಡಬೇಕೇ ಎಂದು ಕಳೆದ ವಾರ ಇಲ್ಲಿನ ನಮ್ಮ ಕನ್ನಡಿಗರ ಗುಂಪಿನಲ್ಲಿ ಒಬ್ಬ ತಾಯಿ ಕೇಳಿದ್ದರು. ಬಂದ ಉತ್ತರಗಳಲ್ಲಿ ಹೆಚ್ಚಿನವು, ಮನೆಯ ಸಂಸ್ಕಾರ ಸರಿಯಿದ್ದರೆ ಆ ಮಾತಿನ ಅಗತ್ಯವೇ ಬೀಳುವುದಿಲ್ಲ ಎಂಬ ಧಾಟಿಯವು. ಮೂರು ವರ್ಷಗಳ ಹಿಂದೆ ಕೇಳಿದ್ದರೆ ನಾನೂ ಹಾಗೆಯೇ ಉತ್ತರಿಸುತ್ತಿದ್ದೆ. ಆಮೇಲೆ ನಮಗೆ ಬಹಳ ಬೇಕಾದ ಒಂದು ಕುಟುಂಬದ ಜೊತೆ ಒಂದು ಕೌಂಟಿ (ಇಲ್ಲಿನ ಜಿಲ್ಲೆ) ಜೈಲಿನ ಬಾಗಿಲಲ್ಲಿ ಒಂದೂವರೆ ದಿನ ಕಾದೆ. ಅವರ ಒಪ್ಪಿಗೆ ಪಡೆದು, ಹೆಸರು ಮತ್ತು ಗುರುತುಗಳನ್ನು ಬಿಟ್ಟು, ಇದನ್ನು ಬರೆಯುತ್ತಿದ್ದೇನೆ.

ಹ್ಯೂಸ್ಟನ್ನಿನ ಸುತ್ತಲಿರುವ ನಾವು ಮೊದಲು ತಿಳಿದಿರಬೇಕಾದ ಸಂಗತಿಯೊಂದಿದೆ. ನಮ್ಮಲ್ಲಿ ಅನೇಕರು ಮನೆ ಮಾಡಿಕೊಂಡಿರುವ ಶುಗರ್ ಲ್ಯಾಂಡ್ ಒಂದು ಕಾಲಕ್ಕೆ ಕೈದಿಗಳು ಕಬ್ಬು ಕಡಿದ ನೆಲ. ಗುಲಾಮಗಿರಿಯನ್ನು ನಿಲ್ಲಿಸಿದ 1865ರ 13ನೆಯ ತಿದ್ದುಪಡಿಯು ಅಪರಾಧಕ್ಕೆ ವಿಧಿಸುವ ಶಿಕ್ಷೆಯನ್ನು ಹೊರತುಪಡಿಸಿತ್ತು. ಆ ಸಂದಿಯಲ್ಲೇ ನುಸುಳಿದ ಟೆಕ್ಸಸ್ ರಾಜ್ಯ, 1878ರಲ್ಲಿ ತನ್ನ ಕೈದಿಗಳೆಲ್ಲರನ್ನೂ ಕನಿಂಗ್‌ಹ್ಯಾಮ್ ಮತ್ತು ಎಲ್ಲಿಸ್ ಎಂಬ ಇಬ್ಬರು ತೋಟದ ಒಡೆಯರಿಗೆ ಗುತ್ತಿಗೆಗೆ ಕೊಟ್ಟಿತು. ಗುತ್ತಿಗೆ ಪದ್ಧತಿ ನಿಂತ ಮೇಲೆ ಅದೇ ನೆಲದ ಒಂದು ಭಾಗದಲ್ಲಿ ರಾಜ್ಯವೇ ಸೆರೆಮನೆಯ ಜಮೀನು ನಡೆಸಿತು. 2018ರಲ್ಲಿ ಇಲ್ಲಿನ ಶಾಲಾ ಜಿಲ್ಲೆ ಹೊಸ ಕಟ್ಟಡಕ್ಕಾಗಿ ಅಗೆಯುವಾಗ 95 ಜನರ ಅಸ್ಥಿಗಳು ಸಿಕ್ಕವು. ಅವರಲ್ಲಿ ಹದಿನಾಲ್ಕರ ಆಸುಪಾಸಿನ ಹುಡುಗನೂ ಇದ್ದಿರಬಹುದೆಂದು ತಜ್ಞರು ಅಂದಾಜಿಸಿದರು. ನಮ್ಮ ಮಕ್ಕಳು ಡೈನೋಸಾರ್ ನೋಡಲು ಹೋಗುವ ಶುಗರ್ ಲ್ಯಾಂಡಿನ ವಸ್ತುಸಂಗ್ರಹಾಲಯವೂ ಹಿಂದಿನ ಸೆರೆಮನೆಯ ಕಟ್ಟಡವೇ. ನಾನು ಅಲ್ಲಿಗೆ ಐದಾರು ಬಾರಿ ಹೋಗಿದ್ದೇನೆ. ಕಿಟಕಿಗಳು ಏಕೆ ಹಾಗಿವೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಇನ್ನು ಆ ಕುಟುಂಬದ ಹುಡುಗನ ವಿಷಯಕ್ಕೆ ಬರುತ್ತೇನೆ. ಮೈಸೂರಿನಲ್ಲಿ ಹುಟ್ಟಿ, ನಾಲ್ಕನೆಯ ವಯಸ್ಸಿನಲ್ಲಿ ಇಲ್ಲಿಗೆ ಬಂದವನು. ತಂದೆಯ ಎಚ್-1ಬಿ ಎಂಬ ಕೆಲಸದ ವೀಸಾಕ್ಕೆ ಅಂಟಿಕೊಂಡ, ಮನೆಯವರಿಗೆ ಕೊಡುವ ಎಚ್-4 ವೀಸಾದಲ್ಲಿದ್ದ. ತಂಗಿ ಹುಟ್ಟಿದ್ದು ಇಲ್ಲೇ, ಅವಳು ಅಮೆರಿಕದ ಪ್ರಜೆ. ಹನ್ನೆರಡನೆಯ ತರಗತಿಯಲ್ಲಿದ್ದ ಇವನಿಗೆ ಹದಿನೇಳು ತುಂಬಿ ನಾಲ್ಕು ತಿಂಗಳಾಗಿತ್ತು. ಗೆಳೆಯರನ್ನು ಮನೆಗೆ ಬಿಡಲು ಹೊರಟಿದ್ದಾಗ ಹಿಂದಿನ ದೀಪ ಉರಿಯುತ್ತಿಲ್ಲವೆಂದು ಪೊಲೀಸರು ಕಾರು ನಿಲ್ಲಿಸಿದರು. ಅವನ ಜಾಕೆಟ್ಟಿನ ಜೇಬಿನಲ್ಲಿ ಗಾಂಜಾದ ಎಣ್ಣೆ ತುಂಬಿದ, ಪೆನ್ನಿನಂಥ ಒಂದು ವೇಪ್ ಸಿಕ್ಕಿತು. ಸೊಪ್ಪಿನ ರೂಪದ ಗಾಂಜಾ ಸ್ವಲ್ಪವೇ ಇದ್ದರೆ ಟೆಕ್ಸಸ್ಸಿನಲ್ಲಿ ಅದು ಸಣ್ಣ ದರ್ಜೆಯ ಅಪರಾಧ. ಆದರೆ ಅದೇ ಗಾಂಜಾದಿಂದ ತೆಗೆದ ಎಣ್ಣೆ ಒಂದು ಗ್ರಾಂಗಿಂತ ಕಡಿಮೆಯಿದ್ದರೂ ಫೆಲನಿ, ಅಂದರೆ ಗುರುತರ ಅಪರಾಧ. 180 ದಿನಗಳಿಂದ ಎರಡು ವರ್ಷಗಳವರೆಗೆ ಸೆರೆವಾಸ ಆಗಬಹುದು. ಈ ವ್ಯತ್ಯಾಸ ಶಾಲೆಯ ಶೌಚಾಲಯದಲ್ಲಿ ವೇಪ್ ಕೈ ಬದಲಿಸುವ ಮಕ್ಕಳಲ್ಲಿ ಎಷ್ಟು ಜನರಿಗೆ ಗೊತ್ತು? ತಂದೆತಾಯಿಯರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎರಡನೆಯ ಆಘಾತ ವಯಸ್ಸಿನದು. ಮಕ್ಕಳಿಗೆಂದೇ ಪ್ರತ್ಯೇಕ ನ್ಯಾಯಾಲಯವನ್ನು ಈ ದೇಶದಲ್ಲಿ ಮೊದಲು ತೆರೆದದ್ದು 1899ರಲ್ಲಿ ಶಿಕಾಗೋದಲ್ಲಿ. ಇಂದು ಹೆಚ್ಚಿನ ರಾಜ್ಯಗಳಲ್ಲಿ ಹದಿನೆಂಟರವರೆಗೆ ಪ್ರಕರಣ ಅಂಥ ನ್ಯಾಯಾಲಯಕ್ಕೇ ಹೋಗುತ್ತದೆ. ಆದರೆ ಹದಿನೇಳು ತುಂಬಿದವರನ್ನು ಅಪರಾಧದ ಮಟ್ಟಿಗೆ ವಯಸ್ಕರೆಂದು ಎಣಿಸುವ ಬೆರಳೆಣಿಕೆಯ ರಾಜ್ಯಗಳಲ್ಲಿ ಟೆಕ್ಸಸ್ ಒಂದು. ಮತ ಹಾಕಲು, ಸಿಗರೇಟು ಕೊಳ್ಳಲು, ಶಾಲೆಯ ಪ್ರವಾಸದ ಒಪ್ಪಿಗೆ ಪತ್ರಕ್ಕೆ ತಾನೇ ಸಹಿ ಹಾಕಲು ವಯಸ್ಸಾಗದ ಹುಡುಗ ದೊಡ್ಡವರ ಜೈಲಿಗೆ ಹೋಗುವಷ್ಟು ದೊಡ್ಡವನು. ರಾತ್ರಿ ಹನ್ನೊಂದಕ್ಕೆ ತಾಯಿ ಠಾಣೆಗೆ ಫೋನ್ ಮಾಡಿ "ಅವನು ಇನ್ನೂ ಮಗು" ಎಂದು ಅತ್ತಾಗ, ಆ ಕಡೆಯವರು ಬಹಳ ಮರ್ಯಾದೆಯಿಂದಲೇ, ಅಲ್ಲ ಅಮ್ಮ, ಕಾನೂನಿನ ಪ್ರಕಾರ ಅಲ್ಲ ಎಂದರಂತೆ.

ಇಲ್ಲಿ ಜೈಲು ಎಂಬ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ನಮಗೆ ಪರಪ್ಪನ ಅಗ್ರಹಾರವೂ ಜೈಲೇ, ತಾಲ್ಲೂಕಿನ ಉಪಕಾರಾಗೃಹವೂ ಜೈಲೇ. ಇಲ್ಲಿ ಜೈಲು ಎಂದರೆ ಕೌಂಟಿಯದು, ಅದರ ಪೊಲೀಸ್ ಮುಖ್ಯಸ್ಥರಾದ ಶೆರಿಫರ ಕೈಯಲ್ಲಿರುವುದು. ವಿಚಾರಣೆಗಾಗಿ ಕಾಯುವವರು ಮತ್ತು ಸಾಮಾನ್ಯವಾಗಿ ಒಂದು ವರ್ಷದೊಳಗಿನ ಶಿಕ್ಷೆಯವರು ಅಲ್ಲಿರುತ್ತಾರೆ. ಪ್ರಿಸನ್ ಎಂದರೆ ಶಿಕ್ಷೆಯಾದವರನ್ನು ಇಡುವ, ರಾಜ್ಯದ ಅಥವಾ ಕೇಂದ್ರ ಸರ್ಕಾರದ ಸೆರೆಮನೆ. ಟೆಕ್ಸಸ್ಸಿನಲ್ಲಿ 254 ಕೌಂಟಿಗಳಿವೆ, ಪ್ರತಿಯೊಂದಕ್ಕೂ ಚುನಾಯಿತ ಶೆರಿಫ್ ಇದ್ದಾರೆ. ಹೀಗಾಗಿ ಅಮೆರಿಕದ ಜೈಲು ವ್ಯವಸ್ಥೆ ಎಂದು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ: ಭೇಟಿಯ ಸಮಯ, ಹಣ ಕಟ್ಟುವ ಬಗೆ, ಊಟ, ಎಲ್ಲವೂ ಕೌಂಟಿಯ ಗಡಿ ದಾಟಿದರೆ ಬೇರೆಯಾಗುತ್ತವೆ.

ನಾನು ಕಂಡ ಜೈಲಿನಲ್ಲಿ ಗಾಜಿನ ಆಚೆ ಈಚೆ ಕೂತು ಮಾತನಾಡುವ ಭೇಟಿಯೂ ಇರಲಿಲ್ಲ. ಪಡಸಾಲೆಯ ಗೋಡೆಗೆ ಹೊಡೆದ ಪರದೆಯೊಂದರ ಮುಂದೆ ಕೂತರೆ, ಅದೇ ಕಟ್ಟಡದ ಒಳಗಿರುವ ಮಗ ಇಪ್ಪತ್ತು ನಿಮಿಷ ವಿಡಿಯೋದಲ್ಲಿ ಕಾಣುತ್ತಾನೆ. ಕಿತ್ತಳೆ ಬಣ್ಣದ ಅಂಗಿ ತೊಟ್ಟಿದ್ದ. ತೋಳು ಮೊಣಕೈ ದಾಟಿ ಇಳಿದಿತ್ತು. ತಾಯಿ ಕೇಳಿದ ಮೊದಲ ಪ್ರಶ್ನೆ ಊಟದ್ದು. ಬ್ರೆಡ್ಡಿನ ನಡುವೆ ಇಟ್ಟಿದ್ದ ಮಾಂಸದ ಬಿಲ್ಲೆಯನ್ನು ತೆಗೆದು ಪಕ್ಕದವನಿಗೆ ಕೊಟ್ಟು, ಬರೀ ಬ್ರೆಡ್ಡು ಮತ್ತು ಒಂದು ಕಿತ್ತಳೆಹಣ್ಣು ತಿಂದೆನೆಂದ. ಸಸ್ಯಾಹಾರ ಬೇಕಾದರೆ ಚೀಟಿ ಬರೆದು ಕೊಡಬೇಕಂತೆ, ಆ ಚೀಟಿಗೆ ಒಳಗಿನವರು 'ಕೈಟ್' ಎನ್ನುತ್ತಾರಂತೆ. ಗಾಳಿಪಟ. ಧಾರ್ಮಿಕ ಕಾರಣಕ್ಕೆ ಬೇರೆ ಊಟ ಕೇಳುವ ಹಕ್ಕಿಗೆ 2000ದ ಒಂದು ಕೇಂದ್ರ ಕಾನೂನು ಬಲ ಕೊಟ್ಟಿದೆ. ಆದರೆ ಅವನ ಗಾಳಿಪಟ ಮೇಲಕ್ಕೆ ಹೋಗಿ ಉತ್ತರ ಬರುವ ಹೊತ್ತಿಗೆ ಅವನೇ ಹೊರಗೆ ಬಂದಿದ್ದ.

ಮೊದಲ ಪ್ರಶ್ನೆ ಊಟದ್ದಾದರೆ, ಎರಡನೆಯದು ನಾವೆಲ್ಲರೂ ಕೇಳುವಂಥದ್ದೇ: "ಏನಾಯ್ತು ಹೇಳೋ, ಯಾರು ಕೊಟ್ಟರು ಅದನ್ನ?" ಅವನು ಹೇಳತೊಡಗಿದ. ಪರದೆಯ ಪಕ್ಕದಲ್ಲೇ, ಈ ಸಂಭಾಷಣೆಯನ್ನು ಧ್ವನಿಮುದ್ರಿಸಲಾಗುತ್ತದೆ ಎಂಬ ಫಲಕವಿತ್ತು. ಜೈಲಿನ ಫೋನಿನಲ್ಲಿ, ವಿಡಿಯೋದಲ್ಲಿ ಆಡಿದ ಮಾತನ್ನು ಸರ್ಕಾರಿ ವಕೀಲರು ತರಿಸಿಕೊಂಡು ಕೇಳಬಹುದು, ಸಾಕ್ಷ್ಯವಾಗಿ ಬಳಸಬಹುದು. ಕನ್ನಡದಲ್ಲಿ ಮಾತನಾಡಿದರೆ ಯಾರಿಗೂ ತಿಳಿಯದು ಎಂಬ ಭರವಸೆಯೂ ಬೇಡ, ಅನುವಾದಕರು ಸಿಗುತ್ತಾರೆ. ಜೈಲಿನಲ್ಲಿರುವ ಮಗನೊಡನೆ ಊಟ, ಆರೋಗ್ಯ, ಧೈರ್ಯದ ಮಾತುಗಳನ್ನು ಬಿಟ್ಟು ಬೇರೇನೂ ಆಡಬಾರದು. ನಡೆದ ಸಂಗತಿ ವಕೀಲರ ಕಿವಿಗೆ ಮಾತ್ರ.

ಜೈಲಿನ ಎದುರು ಸಾಲಾಗಿ ಜಾಮೀನು ಏಜೆಂಟರ ಅಂಗಡಿಗಳಿದ್ದವು. ನ್ಯಾಯಾಧೀಶರು ನಿಗದಿಪಡಿಸಿದ ಮೊತ್ತದ ಸುಮಾರು ನೂರಕ್ಕೆ ಹತ್ತರಷ್ಟನ್ನು ಏಜೆಂಟರಿಗೆ ಕೊಟ್ಟರೆ ಅವರು ಹೊಣೆ ನಿಲ್ಲುತ್ತಾರೆ. ಆ ಹಣ ಮರಳಿ ಬರುವುದಿಲ್ಲ. ನಮ್ಮವರಿಗೆ ಅಷ್ಟು ಹಣ ಹೊಂದಿಸುವುದು ಕಷ್ಟವಾಗಲಿಲ್ಲ. ಆ ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದ ಅಜ್ಜಿಯೊಬ್ಬರಿಗೆ ಆಗಲಿಲ್ಲ, ಅವರು ಹಾಗೇ ಹಿಂತಿರುಗಿದರು. ದೇಶದ ಕೌಂಟಿ ಜೈಲುಗಳಲ್ಲಿರುವ ಹೆಚ್ಚಿನವರಿಗೆ ಇನ್ನೂ ಶಿಕ್ಷೆಯೇ ಆಗಿಲ್ಲ ಎಂದು ಆಮೇಲೆ ಓದಿದಾಗ, ವಿಚಾರಣಾಧೀನ ಕೈದಿಗಳ ವಿಷಯದಲ್ಲಿ ನಮ್ಮ ದೇಶವನ್ನು ಹಳಿಯುತ್ತಿದ್ದ ನನ್ನ ಹಳೆಯ ಭಾಷಣಗಳು ನೆನಪಾದವು.

ಅವನು ಪ್ರಿಸನ್ನಿಗೆ ಹೋಗಲಿಲ್ಲ, ಹೋಗುವ ಸಂಭವವೂ ಕಡಿಮೆಯಿತ್ತು. ಆದರೂ ಆ ಭಯದಲ್ಲಿ ನಾನು ಟೆಕ್ಸಸ್ಸಿನ ಸೆರೆಮನೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 1,30,000ಕ್ಕೂ ಹೆಚ್ಚು ಕೈದಿಗಳು, ಬಿಳಿಯ ಬಟ್ಟೆ, ಅಡುಗೆ, ಬಟ್ಟೆ ಒಗೆಯುವುದು, ಹೊಲಗೆಲಸ ಎಲ್ಲವೂ ಅವರದೇ, ಅದಕ್ಕೆ ಕೂಲಿ ಇಲ್ಲ. ಬೇರೆ ಅನೇಕ ರಾಜ್ಯಗಳಲ್ಲಿ ಗಂಟೆಗೆ ಕೆಲವು ಸೆಂಟುಗಳಾದರೂ ಸಿಗುತ್ತವೆ. ಹೆಚ್ಚಿನ ಸೆರೆಕೋಣೆಗಳಿಗೆ ಹವಾನಿಯಂತ್ರಣವಿಲ್ಲ; ಆಗಸ್ಟಿನಲ್ಲಿ ಇಲ್ಲಿನ ಕಾರಿನೊಳಗೆ ಐದು ನಿಮಿಷ ಕೂತವರಿಗೆ ಅದರ ಅರ್ಥ ತಿಳಿಯುತ್ತದೆ. ಆ ಸೆಖೆ ಸಂವಿಧಾನಕ್ಕೆ ವಿರುದ್ಧವೆಂದು 2025ರ ಮಾರ್ಚಿನಲ್ಲಿ ಕೇಂದ್ರ ನ್ಯಾಯಾಧೀಶರೊಬ್ಬರು ಹೇಳಿದರೂ ಕೂಡಲೇ ತಂಪು ಒದಗಿಸಿ ಎಂದು ಆದೇಶಿಸಲಿಲ್ಲ. ಹಿಂದೆ ಇನ್ನೂ ಕೆಟ್ಟದಾಗಿತ್ತು: ಕೈದಿಗಳನ್ನು ಕಾಯಲು ಕೈದಿಗಳನ್ನೇ ಬಿಟ್ಟಿದ್ದರು, ಅವರ ಕೈಯಲ್ಲಿ ದೊಣ್ಣೆಯೂ ಇರುತ್ತಿತ್ತು. 1972ರಲ್ಲಿ ಡೇವಿಡ್ ರೂಯಿಸ್ ಎಂಬ ಕೈದಿ ಕೈಯಲ್ಲಿ ಬರೆದು ಸಲ್ಲಿಸಿದ ಅರ್ಜಿಯ ಮೇಲೆ, 1980ರಲ್ಲಿ ವಿಲಿಯಂ ವೇನ್ ಜಸ್ಟಿಸ್ ಎಂಬ ನ್ಯಾಯಾಧೀಶರು (ಅವರ ಮನೆತನದ ಹೆಸರೇ ಅದು) ಇಡೀ ವ್ಯವಸ್ಥೆ ಸಂವಿಧಾನವನ್ನು ಮೀರಿದೆ ಎಂದು ತೀರ್ಪಿತ್ತರು; ನ್ಯಾಯಾಲಯದ ಮೇಲ್ವಿಚಾರಣೆ ಮುಗಿದದ್ದು 2002ರಲ್ಲಿ.

ಟೆಕ್ಸಸ್ಸಿನ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. 2007ರಲ್ಲಿ ಇನ್ನೂ ಸಾವಿರಾರು ಹಾಸಿಗೆಗಳ ಸೆರೆಮನೆ ಕಟ್ಟಬೇಕೆಂಬ ಲೆಕ್ಕ ಮುಂದಿದ್ದಾಗ, ರಾಜ್ಯದ ಶಾಸಕರಾಗಿದ್ದ ಇಬ್ಬರು, ಜೆರಿ ಮ್ಯಾಡನ್ ಎಂಬ ರಿಪಬ್ಲಿಕನ್ ಎಂಜಿನಿಯರ್ ಮತ್ತು ಈಗ ಹ್ಯೂಸ್ಟನ್ನಿನ ಮೇಯರ್ ಆಗಿರುವ ಡೆಮಾಕ್ರಾಟ್ ಜಾನ್ ವಿಟ್‌ಮೈರ್ ಸೇರಿ, 24.1 ಕೋಟಿ ಡಾಲರುಗಳನ್ನು ವ್ಯಸನ ಬಿಡಿಸುವ ಚಿಕಿತ್ಸೆಗೂ, ಸೆರೆಯ ಹೊರಗೇ ಷರತ್ತಿನ ಮೇಲೆ ನಿಗಾದಲ್ಲಿಡುವ ಪ್ರೊಬೇಷನ್ನಿಗೂ ತಿರುಗಿಸಿದರು. ನಾಲ್ಕು ವರ್ಷಗಳ ಮೇಲೆ ಮುಚ್ಚಿದ ಮೊದಲ ಸೆರೆಮನೆ ನಮ್ಮ ಶುಗರ್ ಲ್ಯಾಂಡಿನದೇ.

ಪ್ರೊಬೇಷನ್ ಎಂದೆನಲ್ಲ, ನಮ್ಮ ಮಕ್ಕಳ ಮಟ್ಟಿಗೆ ಈ ವ್ಯವಸ್ಥೆಯ ನಿಜವಾದ ಮೈ ಅದೇ. ದೇಶದಲ್ಲಿ ಜೈಲು, ಪ್ರಿಸನ್ನುಗಳ ಒಳಗಿರುವವರು 20 ಲಕ್ಷಕ್ಕೆ ತುಸು ಕಡಿಮೆ. ಪ್ರೊಬೇಷನ್ನಿನಲ್ಲಿ ಹೊರಗಿರುವವರು ಸುಮಾರು 30 ಲಕ್ಷ. ನಮ್ಮ ಬೀದಿಯಲ್ಲೇ ಇರಬಹುದು, ನಮಗೆ ಗೊತ್ತಾಗುವುದಿಲ್ಲ. ಈ ಹುಡುಗನಿಗೆ ಸಿಕ್ಕಿದ್ದು ಅದರಲ್ಲಿ 'ಡಿಫರ್ಡ್ ಅಡ್ಜುಡಿಕೇಷನ್' ಎಂಬ ಬಗೆ. ತಪ್ಪೊಪ್ಪಿಕೊಳ್ಳಬೇಕು, ನ್ಯಾಯಾಧೀಶರು ಅಪರಾಧಿ ಎಂದು ತೀರ್ಪು ಬರೆಯದೆ ಮುಂದೂಡುತ್ತಾರೆ, ಷರತ್ತುಗಳನ್ನೆಲ್ಲ ಪಾಲಿಸಿದರೆ ಪ್ರಕರಣ ವಜಾ. ತಿಂಗಳಿಗೊಮ್ಮೆ ಅಧಿಕಾರಿಯ ಮುಂದೆ ಹಾಜರಿ, ಕರೆದಾಗ ಮೂತ್ರಪರೀಕ್ಷೆ, ತಿಂಗಳ ಶುಲ್ಕ, ಸಮಾಜಸೇವೆಯ ಗಂಟೆಗಳು, ಊರು ಬಿಡಲು ಅನುಮತಿ. ತಪ್ಪಿದರೆ ಅದೇ ಎರಡು ವರ್ಷದ ಶಿಕ್ಷೆ ಮತ್ತೆ ಎದುರಿಗೆ. ಡ್ಯಾಲಸ್ಸಿನ ಕನ್ನಡ ನಾಟಕಕ್ಕೆ ಹೋಗಲೂ ಅವನು ಚೀಟಿ ಪಡೆದಿದ್ದ.

ವಕೀಲರು, ದಾಖಲೆ ಶುದ್ಧವಾಗಿರುತ್ತದೆ, ಇಂದೇ ಸಹಿ ಹಾಕಿದರೆ ಇಂದೇ ಮುಗಿಯುತ್ತದೆ ಎಂದರು. ಮುಗಿಯಲಿ ಎಂಬುದೇ ಎಲ್ಲರ ಹಂಬಲವಾಗಿತ್ತು. ಇಲ್ಲಿ ಶಿಕ್ಷೆಗಳು ಹೀಗೆಯೇ ಆಗುತ್ತವೆ: ಸರ್ವೋಚ್ಚ ನ್ಯಾಯಾಲಯವೇ 2012ರಲ್ಲಿ ಹೇಳಿದಂತೆ, ಕೇಂದ್ರದ ನೂರಕ್ಕೆ 97, ರಾಜ್ಯಗಳ ನೂರಕ್ಕೆ 94 ಶಿಕ್ಷೆಗಳು ತಪ್ಪೊಪ್ಪಿಗೆಯಿಂದ ಬಂದವು. ಆದರೆ ಟೆಕ್ಸಸ್ಸಿನ ಲೆಕ್ಕದಲ್ಲಿ ಶಿಕ್ಷೆಯಲ್ಲದ್ದು ವಲಸೆ ಕಾನೂನಿನ ಲೆಕ್ಕದಲ್ಲಿ ಶಿಕ್ಷೆ. 1996ರ ತಿದ್ದುಪಡಿಯ ಪ್ರಕಾರ, ತಪ್ಪೊಪ್ಪಿಕೊಂಡು ಯಾವುದೇ ನಿರ್ಬಂಧಕ್ಕೆ ಒಳಗಾದರೆ ಸಾಕು, ಮುಂದೆ ಪ್ರಕರಣ ವಜಾ ಆದರೂ ಅದು ಅಪರಾಧ ನಿರ್ಣಯವೇ. ಮಾದಕ ವಸ್ತುವಿನದಾದರೆ ಗಡೀಪಾರಿಗೂ, ಮರುಪ್ರವೇಶದ ನಿರಾಕರಣೆಗೂ ಅದು ಕಾರಣವಾಗಬಹುದು. ಹದಿನಾರರಲ್ಲಿ ಬಾಲನ್ಯಾಯಾಲಯಕ್ಕೆ ಹೋಗಿದ್ದರೆ ಆ ತೀರ್ಮಾನ ವಲಸೆ ಕಾನೂನಿಗೆ ಅಪರಾಧ ನಿರ್ಣಯವಾಗುತ್ತಿರಲಿಲ್ಲ. ಇಲ್ಲೇ ಹುಟ್ಟಿದ ತಂಗಿಯ ಜೇಬಿನಲ್ಲಿ ಅದೇ ವೇಪ್ ಸಿಕ್ಕಿದ್ದರೆ ಈ ಪುಟವೇ ಇರುತ್ತಿರಲಿಲ್ಲ. ಒಂದೇ ಮನೆ, ಒಂದೇ ದೇವರ ಕೋಣೆ, ಇಬ್ಬರಿಗೆ ಎರಡು ಕಾನೂನು.

ತಪ್ಪೊಪ್ಪಿಗೆಯಿಂದ ಗಡೀಪಾರು ಆಗಬಹುದೆಂದು ಕಕ್ಷಿದಾರರಿಗೆ ತಿಳಿಸುವುದು ವಕೀಲರ ಕರ್ತವ್ಯ ಎಂದು 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿದೆ. ಆ ಪ್ರಕರಣದ ಕಕ್ಷಿದಾರ ಪಡಿಯಾ ನಲವತ್ತು ವರ್ಷ ಕಾಯಂ ನಿವಾಸಿಯಾಗಿದ್ದವರು, ವಿಯೆಟ್ನಾಂ ಯುದ್ಧದಲ್ಲಿ ದುಡಿದವರು. ಇಷ್ಟು ವರ್ಷ ಇದ್ದೀರಿ, ಚಿಂತೆ ಬೇಡ ಎಂದಿದ್ದರಂತೆ ಅವರ ವಕೀಲರು. ಗ್ರೀನ್ ಕಾರ್ಡ್ ಬಂದ ಮೇಲೆ ಎಲ್ಲ ಭಯ ಮುಗಿಯಿತು ಎನ್ನುವವರು ಇದನ್ನು ಗಮನಿಸಬೇಕು. ಕ್ರಿಮಿನಲ್ ವಕೀಲರು ಎಷ್ಟೇ ಒಳ್ಳೆಯವರಾಗಲಿ, ಸಹಿಗೆ ಮೊದಲು ವಲಸೆ ವಕೀಲರಿಗೆ ಆ ಕಾಗದ ತೋರಿಸಿ. ತಪ್ಪೊಪ್ಪಿಗೆಯಿಲ್ಲದೆ ಪ್ರಕರಣ ಮುಗಿಸುವ ದಾರಿ ಕೆಲವು ಕೌಂಟಿಗಳಲ್ಲಿ ಇರುತ್ತದೆ, ಕೇಳಿದವರಿಗೆ ಅದು ಕೆಲವೊಮ್ಮೆ ಸಿಗುತ್ತದೆ.

ಆ ತಾಯಿಯ ಪ್ರಶ್ನೆಗೆ ಹಿಂತಿರುಗಿದರೆ, ಹೌದು, ಮಾತನಾಡಿ. ಹದಿನಾರರ ಹುಟ್ಟುಹಬ್ಬದೊಳಗೆ ಮಾತನಾಡಿ. ಪೊಲೀಸರೊಡನೆ ವಿನಯದಿಂದಿರು, ಓಡಬೇಡ, ಸುಳ್ಳು ಹೇಳಬೇಡ. ಹೆಸರು ಹೇಳಿದ ಮೇಲೆ, ವಕೀಲರು ಬೇಕು ಎಂದು ಮಾತ್ರ ಹೇಳಿ ಸುಮ್ಮನಿರು ಎಂದು ಕಲಿಸಿ. ದೊಡ್ಡವರು ಕೇಳಿದರೆ ಎಲ್ಲವನ್ನೂ ಹೇಳಬೇಕು ಎಂದು ನಾವೇ ಕಲಿಸಿ ಬೆಳೆಸಿದ ಮಕ್ಕಳಿಗೆ ಇದು ಸುಲಭದ ಪಾಠವಲ್ಲ. ಈ ಹುಡುಗ ಕಾರಿನ ಬಳಿಯೇ ಎಲ್ಲವನ್ನೂ ಒಪ್ಪಿಕೊಂಡಿದ್ದ, "ಅಂಕಲ್, ಅವರು ಕೇಳಿದರು, ಹೇಳದೆ ಇರೋದು ಹೇಗೆ" ಎಂದ ನನ್ನೊಡನೆ.

ಅವನ ಪ್ರೊಬೇಷನ್ ಬರುವ ಮಾರ್ಚಿಗೆ ಮುಗಿಯುತ್ತದೆ. ಒಂದು ಹಾಜರಿಯೂ ತಪ್ಪಿಲ್ಲ. ಇಪ್ಪತ್ತೊಂದಕ್ಕೆ ಎಚ್-4 ಮುಗಿಯುತ್ತದೆ, ಅದಕ್ಕೆ ಮೊದಲು ಏನು ಮಾಡಬೇಕೆಂದು ಹೊಸ ವಕೀಲರು ಕಡತ ಓದುತ್ತಿದ್ದಾರೆ. ದೇಶ ಬಿಟ್ಟರೆ ಮರಳಿ ಬರುವುದು ಖಾತ್ರಿಯಿಲ್ಲವೆಂದು ಮಾತ್ರ ಮೊದಲ ದಿನವೇ ಹೇಳಿದರು. ಕಳೆದ ಕಾರ್ತಿಕದಲ್ಲಿ ಮೈಸೂರಿನಲ್ಲಿ ಅವನ ಅಜ್ಜಿ ತೀರಿಕೊಂಡಾಗ ತಂದೆತಾಯಿ ಮತ್ತು ತಂಗಿ ಹೋಗಿಬಂದರು. ಹದಿಮೂರು ದಿನಗಳ ಕರ್ಮವನ್ನು ಅವನು ನಮ್ಮ ಮನೆಯ ಊಟದ ಮೇಜಿನ ಮೇಲೆ ಫೋನ್ ನಿಲ್ಲಿಸಿಕೊಂಡು ನೋಡಿದ.