ಅಪ್‌ಡೇಟ್: ಸೈಕಲ್ ತುಳಿಯುವಾಗ ಪಾದ ಜೋಮು ಹಿಡಿಯೋದು ನಿಂತಿತು

ಟ್ರಯಥ್ಲಾನ್‌ಗೆ (ಈಜು, ಸೈಕಲ್, ಓಟ ಒಂದರ ಹಿಂದೊಂದು) ತಯಾರಿ ಮಾಡುವಾಗ ಕಾಡಿದ ಈ ತೊಂದರೆ ಬಗ್ಗೆ ಹಿಂದೆ ಇಲ್ಲಿ ಕೇಳಿದ್ದೆ, ಬಂದ ಸಲಹೆಗಳನ್ನ ಮಾಡಿ ನೋಡಿದೆ. ಸಮಸ್ಯೆ ಇಷ್ಟೇ: ಕ್ಲಿಪ್ ಶೂ (ಪೆಡಲ್‌ಗೆ ಕಚ್ಚಿಕೊಳ್ಳೋ ಸೈಕ್ಲಿಂಗ್ ಶೂ) ಹಾಕಿ ಒಂದು ಗಂಟೆ ತುಳಿದರೆ ಮುಂಪಾದ ಉರಿ, ಬೆರಳು ಜೋಮು. ಇಳಿದು ಓಡೋಕೆ ಶುರು ಮಾಡಿದರೂ ಸ್ವಲ್ಪ ದೂರ ನೆಲವೇ ಗೊತ್ತಾಗ್ತಿರಲಿಲ್ಲ.

ಕೆಲಸ ಮಾಡಿದ್ದು ‘ಕ್ಲೀಟ್ ಹಿಂದಕ್ಕೆ ಸರಿಸಿ’ ಅನ್ನೋ ಸಲಹೆ. ಕ್ಲೀಟ್ ಅಂದ್ರೆ ಶೂ ಅಡಿಯಲ್ಲಿದ್ದು ಪೆಡಲ್‌ಗೆ ಸಿಕ್ಕಿಕೊಳ್ಳೋ ತುಂಡು. ಕ್ಲೀಟ್ ತೀರಾ ಮುಂದಿದ್ದರೆ ಬೆರಳುಗಳ ಬುಡದಲ್ಲಿರೋ ನರಗಳ ಮೇಲೆಯೇ ಒತ್ತಡ ಬೀಳುತ್ತೆ. ಈಗಿನ ಜಾಗಕ್ಕೆ ಮಾರ್ಕರ್‌ನಿಂದ ಗೆರೆ ಎಳೆದು, 4 ಮಿ.ಮೀ. ಅಲೆನ್ ಕೀಯಿಂದ ಮೂರೂ ಬೋಲ್ಟ್ ಸಡಿಲಿಸಿ, ಹಿಮ್ಮಡಿ ಕಡೆಗೆ 5 ಮಿ.ಮೀ. ಸರಿಸಿದೆ. ಕೋನ ಬದಲಾಗದ ಹಾಗೆ ನೋಡ್ಕೊಳ್ಳಿ, ಇಲ್ಲದಿದ್ರೆ ಮಂಡಿ ನೋವು ಹೊಸದಾಗಿ ಗಂಟುಬೀಳುತ್ತೆ. ಬೋಲ್ಟ್‌ಗೆ ಚೂರು ಗ್ರೀಸ್ ಹಚ್ಚಿ, ಮೂರನ್ನೂ ಸರದಿಯಲ್ಲಿ ಸ್ವಲ್ಪಸ್ವಲ್ಪವಾಗಿ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಕ್ಲೀಟ್ ತಿರುಗಿಬಿಡುತ್ತೆ.

ಇದಾದ ಮೇಲೆ ಸೀಟನ್ನೂ 2–3 ಮಿ.ಮೀ. ಇಳಿಸಬೇಕು. ಕ್ಲೀಟ್ ಹಿಂದೆ ಹೋದಾಗ ಕಾಲಿನ ಚಾಚು ಕಮ್ಮಿಯಾಗುತ್ತೆ, ಹಾಗೇ ಬಿಟ್ಟರೆ ಸೊಂಟ ಅಲುಗಾಡುತ್ತೆ.

ದಪ್ಪ ಸಾಕ್ಸ್ ಸಲಹೆ ಉಲ್ಟಾ ಹೊಡೀತು. ಸೆಕೆಗೆ ಪಾದ ಊದೋದರಿಂದ ಶೂ ಇನ್ನೂ ಬಿಗಿಯಾಯ್ತು. ಜೆಲ್ ಇನ್‌ಸೋಲ್‌ನಿಂದಲೂ (ಶೂ ಒಳಗೆ ಹಾಕೋ ಮೆತ್ತೆ) ಅದೇ ಕಥೆ. ಶೂನ ಮುಂಭಾಗದ ಪಟ್ಟಿಯನ್ನ ಸಡಿಲ ಬಿಡೋದು ಮಾತ್ರ ಸ್ವಲ್ಪ ನೆರವಾಯ್ತು.

ಅಂದುಕೊಳ್ಳದೆ ಸಿಕ್ಕ ಲಾಭ: ಮೀನಖಂಡಕ್ಕೆ ಕೆಲಸ ಕಮ್ಮಿಯಾಗಿ, ಸೈಕಲ್ ಇಳಿದ ತಕ್ಷಣದ ಓಟ ಹಗುರಾಗಿದೆ. ನಿಂತು ಸ್ಪ್ರಿಂಟ್ ಹೊಡೆಯುವಾಗ ಜಿಗಿತ ತುಸು ಮಂದ ಅನ್ಸುತ್ತೆ, ಆದರೆ ಟ್ರಯಥ್ಲಾನ್‌ಗೆ ಅದು ಯಾರಿಗೆ ಬೇಕು!