ಮಂಜನ ಮನೆಯ ಕಪ್ಪು ಡಬ್ಬಿ

“ಲೇ ಮಂಜ, ನಿಮ್ಮ ಮನೆ ಕಪ್ಪು ಡಬ್ಬಿ ಏನಾಯ್ತೋ?” ಅಂತ ಮೇಷ್ಟ್ರು ಕೇಳಿದರು. ಮಂಜ ಮಂಡಕ್ಕಿ ತಟ್ಟೆ ಕೆಳಗಿಟ್ಟ. ಅವನು ತಟ್ಟೆ ಕೆಳಗಿಟ್ಟರೆ ಅರ್ಧ ಗಂಟೆ ಮಾತು ಗ್ಯಾರಂಟಿ. ಮಂಡಕ್ಕಿ ಮೆತ್ತಗಾದರೂ ಸರಿ, ಮಿರ್ಚಿ ಆರಿದರೂ ಸರಿ.

ಮಂಜನದು ಮದುವೆ ಫೋಟೋ ಸ್ಟುಡಿಯೋ. ದಾವಣಗೆರೆ ಪಿ.ಜೆ. ಬಡಾವಣೆಯ ಈ ಮಂಡಕ್ಕಿ ಅಂಗಡಿ ಮುಂದೆ ಸಂಜೆ ಹೊತ್ತು ಅವನು, ಮೇಷ್ಟ್ರು, ಚನ್ನಗಿರಿ ಕಡೆಯ ಅಡಿಕೆ ಸಾಹುಕಾರರು, ನಾನು ಸೇರುತ್ತೇವೆ. ಡಬ್ಬಿ ಅಂದರೆ ನಾಸ್, ಮನೆಯ ಮೆಷಿನ್ನುಗಳ ಫೈಲು ಕೂಡಿಡೋ ಪೆಟ್ಟಿಗೆ. ಒಳಗೆ ಎರಡು ಹಾರ್ಡ್ ಡಿಸ್ಕ್, ಹಿಂದೆ ನೆಟ್‌ವರ್ಕ್ ವೈರು, ಮುಂದೆ ಮಿಣುಕುವ ಹಸಿರು ಲೈಟು. ಸ್ಕ್ರೀನಿಲ್ಲ, ಕೀಬೋರ್ಡಿಲ್ಲ. ಸಿಂಕ್‌ಥಿಂಗ್ ಅಂತ ಒಂದು ಸಾಫ್ಟ್‌ವೇರಿದೆ, ಒಂದು ಮೆಷಿನ್ನಿನ ಫೋಲ್ಡರನ್ನ ಇನ್ನೊಂದರಲ್ಲೂ ಹಾಗೇ ಇಡುತ್ತೆ. ಅದನ್ನ ಲ್ಯಾಪ್‌ಟಾಪಿಗೂ ಡಬ್ಬಿಗೂ ಹಾಕುತ್ತೇನೆ, ಲ್ಯಾಪ್‌ಟಾಪಿನ ಫೋಟೋ ತಾನಾಗೇ ಡಬ್ಬಿಗೆ ಹೋಗಿ ಕೂರುತ್ತೆ ಅಂತ ಮಂಜ ಹೊರಟಿದ್ದ.

“ತಿಂಗಳಿಗೆ ಎಷ್ಟು ಕಟ್ಟಬೇಕು?” ಸಾಹುಕಾರರ ಮೊದಲ ಪ್ರಶ್ನೆ ಯಾವಾಗಲೂ ಇದೇ.

“ಏನೂ ಇಲ್ಲ. 2013ರಿಂದ ಪುಕ್ಕಟೆ. ಮಧ್ಯದಲ್ಲಿ ಯಾವ ಕಂಪನಿಯೂ ಫೈಲ್ ಇಟ್ಟುಕೊಳ್ಳಲ್ಲ. ನನ್ನ ಮೆಷಿನ್ನಿಂದ ನನ್ನ ಮೆಷಿನ್ನಿಗೇ ಹೋಗುತ್ತೆ.”

“ಮಧ್ಯದಲ್ಲಿ ದಲ್ಲಾಳಿ ಇಲ್ಲದೆ ವ್ಯವಹಾರವೇ?” ಸಾಹುಕಾರರು ನಂಬಲಿಲ್ಲ. ಪಾಪ, ಅಡಿಕೆ ಮಂಡಿಯಲ್ಲೇ ಕೂದಲು ಬೆಳ್ಳಗಾದವರು.

ಹಾಕುವ ಕತೆ ಕೇಳಿ. ಎಲ್ಲೋ ನೋಡಿದ ವೀಡಿಯೋದಲ್ಲಿ “ಬ್ರೌಸರ್‌ನಲ್ಲಿ 127.0.0.1:8384 ಅಂತ ಹೊಡೀರಿ” ಎಂದಿದ್ದರಂತೆ. ಇವನು ಲ್ಯಾಪ್‌ಟಾಪಿನಲ್ಲಿ ಹೊಡೆದ. ಸಿಂಕ್‌ಥಿಂಗ್‌ನ ಪೇಜು ಬಂತು. ಹೊಸ ಟ್ಯಾಬ್ ತೆಗೆದು ಮತ್ತೆ ಅದನ್ನೇ ಹೊಡೆದ. ಮತ್ತೆ ಬಂತು. ಒಂದು ಲ್ಯಾಪ್‌ಟಾಪಿನದು, ಇನ್ನೊಂದು ನಾಸ್‌ನದು ಅಂತ ಲೆಕ್ಕ ಹಾಕಿ, ಎರಡನ್ನೂ ಜೋಡಿಸೋಕೆ ಕೂತ. 127.0.0.1 ಯಾವ ಮೆಷಿನ್ನಿನಲ್ಲಿ ಹೊಡೆದರೂ ಆ ಮೆಷಿನ್ನೇ ಬರೋದು. ಲ್ಯಾಪ್‌ಟಾಪಿಗೆ ಲ್ಯಾಪ್‌ಟಾಪನ್ನೇ ಪರಿಚಯ ಮಾಡಿಸುತ್ತಾ ಇವನು ರಾತ್ರಿ ಹನ್ನೊಂದು ಮಾಡಿದ. ನಾಸ್‌ನ ಪೇಜು ಬೇಕಾದರೆ, ರೂಟರ್ ಅದಕ್ಕೆ ಕೊಟ್ಟ ಐಪಿ ನಂಬರ್ ಹೊಡೆಯಬೇಕು. ಅದೂ ಬರದಿದ್ದರೆ, ಹೊರಗಿನ ಮೆಷಿನ್ನಿಗೂ ಪೇಜು ತೋರಿಸು ಅಂತ ಸೆಟ್ಟಿಂಗ್ಸ್‌ನಲ್ಲಿ ಹೇಳಬೇಕು. ಹಾಗೆ ತೆರೆದಿಟ್ಟ ಮೇಲೆ ಪಾಸ್‌ವರ್ಡ್ ಹಾಕಲೇಬೇಕು.

“ಆಮೇಲೆ ಡಿವೈಸ್ ಐಡಿ” ಅಂದ ಮಂಜ. “ಒಂದೊಂದು ಮೆಷಿನ್ನಿಗೂ ಒಂದೊಂದು ಗುರುತು. ಐವತ್ತಾರು ಅಕ್ಷರ. ಏಳೇಳರ ಎಂಟು ಕಂತು. ಇದರ ಐಡಿ ಅದಕ್ಕೆ ಕೊಡಬೇಕು, ಅದೂ ಇದನ್ನ ಒಪ್ಪಬೇಕು. ಒಂದು ಕಡೆ ಒಪ್ಪಿದರೆ ನಡೆಯಲ್ಲ.”

“ಹೆಣ್ಣು ನೋಡೋ ಶಾಸ್ತ್ರ ಇದ್ದಂಗೆ” ಅಂದರು ಮೇಷ್ಟ್ರು. “ಫೋಲ್ಡರ್ ಕೊಡುಕೊಳ್ಳೋ ಮಾತುಕತೆ ಆಮೇಲೆ.”

ಮಾತುಕತೆಯೂ ಆಯಿತು. ಫೈಲು ಹೋಗಲಿಲ್ಲ. ಪರ್ಮಿಷನ್ ಇಲ್ಲ ಅಂತ ಕೆಂಪಗೆ ಬಂತು. ಡಬ್ಬಿ ಮಂಜನದೇ, ಫೋಲ್ಡರ್ ಮಂಜನದೇ. ಆದರೆ ನಾಸ್ ಒಳಗೆ ಸಿಂಕ್‌ಥಿಂಗ್ ಓಡೋದು ಬೇರೆ ಯೂಸರ್ ಹೆಸರಲ್ಲಿ. ಆ ಯೂಸರ್‌ಗೆ ಆ ಫೋಲ್ಡರ್‌ನಲ್ಲಿ ಬರೆಯೋ ಹಕ್ಕು ಕೊಡಬೇಕು. ನಮ್ಮ ಮನೆಗೆ ನಾವೇ ಅರ್ಜಿ ಹಾಕಬೇಕಾ ಅಂತ ಮಂಜ ಕೂಗಾಡಿದ. ಕೊನೆಗೆ ಹಾಕಿದ. ಹಸಿರಾಯಿತು.

ಎರಡು ದಿನ ಸುಖ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಡಬ್ಬಿ ಸತ್ತು ಬಿದ್ದಿದೆ. ಕರೆಂಟ್ ಹೋಗಿಲ್ಲ, ವೈರು ಕಿತ್ತಿಲ್ಲ. ಅವರಮ್ಮ ಮಲಗೋ ಮುಂಚೆ ಸ್ವಿಚ್ ಆರಿಸಿದ್ದರು. “ರಾತ್ರಿ ಎಲ್ಲಾ ಮಿಣಮಿಣ ಅಂತಿತ್ತು, ದಂಡ ಕರೆಂಟು!” ಮಂಜ ವಾದ ಮಾಡಿದ. ಎರಡು ಮೆಷಿನ್ನೂ ಒಂದೇ ಹೊತ್ತಿಗೆ ಎದ್ದಿದ್ದರೆ ಮಾತ್ರ ಸಿಂಕ್ ಆಗೋದು, ಅದಕ್ಕೇ ಒಂದು ಸದಾ ಎದ್ದಿರಬೇಕು ಅಂದ. ಅಮ್ಮ ಒಂದೇ ಮಾತು ಹೇಳಿದರು: “ನೀನೇ ಎದ್ದಿರು.”

ಈಗ ಸ್ವಿಚ್ ಮೇಲೆ ಗಮ್ ಟೇಪು ಸುತ್ತಿದ್ದಾನೆ. ಟೇಪಿನ ಮೇಲೆ ಪೆನ್ನಿನಲ್ಲಿ “ದೇವರ ಆಣೆ, ಮುಟ್ಟಬೇಡ” ಅಂತ ಬರೆದಿದೆ. ನಾನೇ ಕಣ್ಣಾರೆ ನೋಡಿದ್ದೇನೆ.

“ಅಸಲಿ ಅನಾಹುತ ಹೇಳೋ” ಅಂತ ನಾನು ಚುಚ್ಚಿದೆ.

ಮಂಜ ನನ್ನ ಕಡೆ ಕೆಕ್ಕರಿಸಿ ನೋಡಿದ. ಲ್ಯಾಪ್‌ಟಾಪ್ ತುಂಬಿತ್ತು. ಹೆಂಗೂ ಡಬ್ಬಿಯಲ್ಲಿದೆ ಅಲ್ವಾ ಅಂತ ಹರಿಹರದ ಒಂದು ಮದುವೆಯ ಫೋಟೋ ಪೂರ್ತಿ ಅಳಿಸಿದ. ಸ್ವಲ್ಪ ಹೊತ್ತಿಗೆ ಡಬ್ಬಿಯಲ್ಲೂ ಇಲ್ಲ!

“ನಾನು ಡಬ್ಬಿಗೆ ‘ರಿಸೀವ್ ಓನ್ಲಿ’ ಅಂತ ಹಾಕಿದ್ದೆ ಕಣ್ರೋ. ತಗೋ, ಇಟ್ಕೋ ಅಂತ ತಾನೇ ಅರ್ಥ?”

“ತಗೋ ಅಂತ ಮಾತ್ರ” ಅಂದರು ಮೇಷ್ಟ್ರು. “ಇಟ್ಕೋ ಅಂತ ನೀನು ಸೇರಿಸಿದ್ದು. ಹೊಸ ಫೋಟೋನೂ ತಗೊಳ್ಳುತ್ತೆ, ಅಳಿಸಿದ ಸುದ್ದಿನೂ ತಗೊಳ್ಳುತ್ತೆ. ತನ್ನಲ್ಲಿ ಆದ ಬದಲಾವಣೆಯನ್ನ ಆಚೆ ಕಳಿಸಲ್ಲ, ಅಷ್ಟೇ.”

“ಡಿಸ್ಕ್ ಎರಡಿದ್ದವಲ್ಲ?” ಸಾಹುಕಾರರು ಕೇಳಿದರು.

“ಮಿರರ್ ಹಾಕಿದ್ದ” ಅಂದರು ಮೇಷ್ಟ್ರು. “ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಆ ಕ್ಷಣವೇ ಅಳಿಯುತ್ತೆ. ಡಿಸ್ಕ್ ಕೆಟ್ಟರೆ ಅದು ಕಾಪಾಡುತ್ತೆ, ಮಂಜ ಕೆಟ್ಟರೆ ಇಲ್ಲ.”

ಪುಣ್ಯಕ್ಕೆ ಕ್ಯಾಮೆರಾ ಕಾರ್ಡ್ ಇನ್ನೂ ಫಾರ್ಮ್ಯಾಟ್ ಆಗಿರಲಿಲ್ಲ. ಇಲ್ಲದಿದ್ದರೆ ಹರಿಹರದವರು ಮಂಜನಿಗೇ ಆರತಿ ಎತ್ತುತ್ತಿದ್ದರು. ಮೇಷ್ಟ್ರೇ ಮನೆಗೆ ಹೋಗಿ ನಾಸ್ ಕಡೆ ಫೈಲ್ ವರ್ಷನಿಂಗ್ ಹಾಕಿಕೊಟ್ಟರು. ಬೇರೆ ಮೆಷಿನ್ನಿನಿಂದ ಅಳಿಸೋ ಸುದ್ದಿ ಬಂದಾಗ, ಡಬ್ಬಿ ತನ್ನ ಪ್ರತಿಯನ್ನು ಎಸೆಯದೆ .ಎಸ್‌ಟಿವರ್ಷನ್ಸ್ ಅನ್ನೋ ಅಡಗಿದ ಫೋಲ್ಡರ್‌ಗೆ ಸರಿಸುತ್ತೆ. ಈ ಸೌಕರ್ಯ ಸುದ್ದಿ ತಗೊಳ್ಳೋ ಕಡೆ ಇರಬೇಕು. ಲ್ಯಾಪ್‌ಟಾಪಿನಲ್ಲಿ ಹಾಕಿ ಲ್ಯಾಪ್‌ಟಾಪಿನಲ್ಲೇ ಅಳಿಸಿದರೆ ಏನೂ ಉಳಿಯಲ್ಲ. ಜೊತೆಗೆ ಒಂದು ಯುಎಸ್‌ಬಿ ಡಿಸ್ಕ್ ತಂದು, ವಾರಕ್ಕೊಮ್ಮೆ ಕಾಪಿ ಮಾಡಿ, ವೈರು ಕಿತ್ತು ಬೀರುವಿನಲ್ಲಿಡು ಅಂತಲೂ ಹೇಳಿದ್ದಾರೆ. ಡಿಸ್ಕ್ ತಂದಿದ್ದಾನೆ. ಬೀರುವಿನಲ್ಲಿಟ್ಟಿದ್ದಾನೆ. ಕಾಪಿ ಮಾತ್ರ ಇನ್ನೂ ಮಾಡಿಲ್ಲ.

ಇಷ್ಟು ಹೊತ್ತು ಸಾಹುಕಾರರು ಏನೋ ಲೆಕ್ಕ ಹಾಕುತ್ತಿದ್ದರು. “ನನ್ನ ಅಡಿಕೆ ಲೆಕ್ಕದ ಎಕ್ಸೆಲ್ ಫೈಲಿಗೂ ಇದನ್ನ ಹಾಕಬಹುದಾ? ನಾನು ತೋಟದಲ್ಲಿ, ಮಗ ಅಂಗಡಿಯಲ್ಲಿ.”

“ಹಾಕಬಹುದು” ಅಂದರು ಮೇಷ್ಟ್ರು. “ಆದರೆ ನೆಟ್ ಇಲ್ಲದಾಗ ಇಬ್ಬರೂ ಅದೇ ಫೈಲನ್ನ ತಿದ್ದಿದರೆ ಕಷ್ಟ. ಅದು ಎರಡನ್ನ ಸೇರಿಸಲ್ಲ. ಒಂದು ಮೊದಲಿನ ಹೆಸರಲ್ಲೇ ಇರುತ್ತೆ, ಇನ್ನೊಂದಕ್ಕೆ ‘ಸಿಂಕ್-ಕಾನ್‌ಫ್ಲಿಕ್ಟ್’ ಅಂತ ತಾರೀಕು ಸಮೇತ ಬೇರೆ ಹೆಸರಿಟ್ಟು ಪಕ್ಕದಲ್ಲೇ ಇಡುತ್ತೆ. ಒಂದೇ ವ್ಯಾಪಾರಕ್ಕೆ ಎರಡು ಲೆಕ್ಕ ಆಗಿಬಿಡುತ್ತೆ, ಸಾಹುಕಾರ್ರೇ.”

“ಅಷ್ಟೇನಾ?” ಸಾಹುಕಾರರು ಕೊನೆಯ ಮಿರ್ಚಿಗೆ ಕೈ ಹಾಕಿದರು. “ಎರಡು ಲೆಕ್ಕ ನಮ್ಮಲ್ಲಿ ಅಪ್ಪನ ಕಾಲದಿಂದಲೂ ಇದೆ. ನಾಳೆನೇ ಬಂದು ಹಾಕು ಮಂಜ.”