ಘಟ್ಟ ಹತ್ತಿ ನಿಂತಾಗ ಮಿನುಗುವ ಆಯಿಲ್ ದೀಪ: ಹಳೆಯ ಕ್ಯಾಂಪರ್ ವ್ಯಾನಿನಲ್ಲಿ ಪರೀಕ್ಷೆಯನ್ನು ಎಲ್ಲಿಂದ ಆರಂಭಿಸಬೇಕು?

ಚೆಟ್ಟಳ್ಳಿಯ ವ್ಯಾನ್

ನಮ್ಮ ಬಳಿ 2003ರ ಮಾದರಿಯ ಡೀಸೆಲ್ ವ್ಯಾನೊಂದಿದೆ. ನಾಲ್ಕು ವರ್ಷಗಳ ಹಿಂದೆ ಅದರ ಸೀಟುಗಳನ್ನು ತೆಗೆಸಿ, ಇಬ್ಬರು ಮಲಗುವಷ್ಟು ಅಗಲದ ಮಂಚ, 80 ಲೀಟರಿನ ನೀರಿನ ಟ್ಯಾಂಕು, ಒಲೆ, ಒಳಗಿನ ದೀಪ ಮತ್ತು ಫ್ಯಾನುಗಳಿಗೆಂದು ಎರಡನೆಯ ಬ್ಯಾಟರಿ ಇವಿಷ್ಟನ್ನು ಕೂರಿಸಿಕೊಂಡೆವು. ಅಲ್ಲಿಂದೀಚೆಗೆ ವರ್ಷಕ್ಕೆ ನಾಲ್ಕೈದು ಬಾರಿ ದೂರದ ಪ್ರಯಾಣ ಮಾಡುತ್ತೇವೆ.

ಕಳೆದ ತಿಂಗಳು ಮಂಗಳೂರಿನಿಂದ ಹಿಂದಿರುಗುವಾಗ ಸಂಪಾಜೆಯಿಂದ ಮಡಿಕೇರಿಯವರೆಗೆ ಎರಡನೆಯ ಮತ್ತು ಮೂರನೆಯ ಗೇರಿನಲ್ಲೇ ಹತ್ತಿ ಬಂದೆವು. ದಾರಿಯುದ್ದಕ್ಕೂ ಯಾವ ತೊಂದರೆಯೂ ಕಾಣಿಸಲಿಲ್ಲ. ಮಡಿಕೇರಿಯಲ್ಲಿ ವಾಹನಗಳ ಸಾಲಿನ ನಡುವೆ ನಿಂತಾಗ ಮಾತ್ರ ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಮಿನುಗತೊಡಗಿತು. ಆಕ್ಸಿಲರೇಟರನ್ನು ಸ್ವಲ್ಪ ಒತ್ತಿದರೆ ಆರುತ್ತಿತ್ತು, ಬಿಟ್ಟರೆ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಮರುದಿನ ಬೆಳಿಗ್ಗೆ ಮನೆಯಂಗಳದಲ್ಲಿ ಸ್ಟಾರ್ಟ್ ಮಾಡಿದಾಗ ದೀಪ ಎಂದಿನಂತೆ ಒಂದೆರಡು ಸೆಕೆಂಡುಗಳಲ್ಲಿ ಆರಿತು.

ಊರಿನ ಮೆಕ್ಯಾನಿಕರೊಬ್ಬರು ದೀಪವನ್ನು ಹೊತ್ತಿಸುವ ಪ್ರೆಷರ್ ಸ್ವಿಚ್ ಹಾಳಾಗಿದೆಯೆಂದು ಹೇಳಿ ಹೊಸದನ್ನು ಹಾಕಿದರು. ಎರಡು ವಾರ ಸುಮ್ಮನಿದ್ದ ದೀಪ ಈಗ ಮತ್ತೆ ಹಾಗೆಯೇ ಮಿನುಗುತ್ತಿದೆ. ಇನ್ನೊಬ್ಬರು ಸ್ವಲ್ಪ ಹೊತ್ತು ಶಬ್ದವನ್ನು ಆಲಿಸಿ, "ಎಂಜಿನ್ ಕೆಲಸಕ್ಕೆ ಬಂದಿದೆ" ಎಂದುಬಿಟ್ಟರು. ಆಯಿಲ್ 15ಡಬ್ಲ್ಯೂ-40 ದರ್ಜೆಯದು, ಬದಲಿಸಿ 6,000 ಕಿಲೋಮೀಟರ್ ಆಗಿದೆ. ಆಯಿಲ್ ಕಡಿಮೆಯಾಗಿಲ್ಲ, ನಿಜ ಹೇಳಬೇಕೆಂದರೆ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಗಿಂತ ಒಂದಿಷ್ಟು ಹೆಚ್ಚೇ ಇದೆ. ಎಂಜಿನ್ ಬಿಚ್ಚಿಸುವ ಮೊದಲು ನಾನೇ ಮಾಡಿ ನೋಡಬಹುದಾದ ಪರೀಕ್ಷೆಗಳು ಯಾವುವು, ಅವುಗಳನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಕುಶಾಲನಗರದ ಚಾಲಕ

ಬೇರೆಯವರು ವಿವರವಾಗಿ ಬರೆಯುತ್ತಾರೆ, ನಾನು ಒಂದೇ ಮಾತು ಹೇಳುತ್ತೇನೆ. ಆ ದೀಪ ಆಯಿಲ್‌ನ ಮಟ್ಟವನ್ನು ತೋರಿಸುವುದಲ್ಲ, ಒತ್ತಡವನ್ನು ತೋರಿಸುವುದು. ಆದ್ದರಿಂದ ಆಯಿಲ್ ಭರ್ತಿಯಿದೆ ಎಂಬ ಧೈರ್ಯದಿಂದ ಓಡಿಸಬೇಡಿ. ಓಡುತ್ತಿರುವಾಗ ದೀಪ ಹೊತ್ತಿ ಆರದೆ ಉಳಿದರೆ ಮುಂದಿನ ಊರು ಬರಲಿ ಎಂದು ಕಾಯದೆ ರಸ್ತೆಯ ಪಕ್ಕಕ್ಕೆ ತೆಗೆದುಕೊಂಡು ಎಂಜಿನ್ ನಿಲ್ಲಿಸಿ. ಎರಡು ಕಿಲೋಮೀಟರ್ ಹೆಚ್ಚು ಓಡಿಸಿದ್ದಕ್ಕಾಗಿ ಕ್ರ್ಯಾಂಕ್‌ಶಾಫ್ಟನ್ನೇ ಬದಲಿಸಬೇಕಾಗಿ ಬಂದವರನ್ನು ನಾನು ಕಂಡಿದ್ದೇನೆ.

ಹಳೆಯ ಜೀಪು, ಪೊನ್ನಂಪೇಟೆ

ನೀವು ಹೇಳಿದ ಲಕ್ಷಣಗಳಲ್ಲಿ ಮೂರು ಸಂಗತಿಗಳು ಮುಖ್ಯವಾದವು: ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮಾತ್ರ, ನಿಂತಲ್ಲಿ ಓಡುವಾಗ ಮಾತ್ರ, ವೇಗ ಏರಿಸಿದರೆ ಇಲ್ಲ. ಇದು ಆಯಿಲ್ ತೆಳುವಾದಾಗ ಅಥವಾ ಬೇರಿಂಗುಗಳ ಸಂದು ಹೆಚ್ಚಾದಾಗ ಕಾಣುವ ಲಕ್ಷಣ. ಆಯಿಲ್ ಪಂಪು ಎಂಜಿನ್ನಿನ ಜೊತೆಗೇ ತಿರುಗುವುದರಿಂದ ನಿಂತಲ್ಲಿ ಓಡುವಾಗ ಅದು ತಳ್ಳುವ ಆಯಿಲ್ ಬಹಳ ಕಡಿಮೆ. ಅದರ ಮೇಲೆ ಸಂಪಾಜೆಯ ಏರು ಎಂದರೆ ಸುಮಾರು ಒಂದು ಸಾವಿರ ಮೀಟರ್ ಎತ್ತರವನ್ನು ತುಂಬಿದ ವ್ಯಾನಿನಲ್ಲಿ ಕೆಳಗಿನ ಗೇರುಗಳಲ್ಲಿ ಹತ್ತುವುದು. ಸಂಪಿನೊಳಗಿನ, ಅಂದರೆ ಎಂಜಿನ್ನಿನ ತಳದ ತೊಟ್ಟಿಯಲ್ಲಿರುವ ಆಯಿಲ್ ಚೆನ್ನಾಗಿ ಕಾಯುತ್ತದೆ. 15ಡಬ್ಲ್ಯೂ-40 ಆಯಿಲ್‌ಗೆ 40 ಡಿಗ್ರಿಯಲ್ಲಿರುವ ಮಂದತನ 100 ಡಿಗ್ರಿಗೆ ಬರುವಷ್ಟರಲ್ಲಿ ಏಳೆಂಟರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಹಾಗಾಗಿ ಬೆಳಗಿನ ಚಳಿಯಲ್ಲಿ ಅಂಗಳದಲ್ಲಿ ಮಾಡಿದ ಪರೀಕ್ಷೆಯಿಂದ ಏನೂ ತಿಳಿಯದು.

ಮೊದಲು ದೀಪ ನಿಜ ಹೇಳುತ್ತಿದೆಯೇ ಎಂಬುದನ್ನು ನೋಡಬೇಕು. ಹಳೆಯ ವ್ಯಾನುಗಳ ಪ್ರೆಷರ್ ಸ್ವಿಚ್ಚಿಗೆ ಸಾಮಾನ್ಯವಾಗಿ ಒಂದೇ ವೈರ್ ಇರುತ್ತದೆ. ಒತ್ತಡ ಇಲ್ಲದಿದ್ದಾಗ ಅದು ಎಂಜಿನ್ ಬ್ಲಾಕಿನ ಮೂಲಕ ಅರ್ಥಿಂಗ್ ಕೊಟ್ಟು ದೀಪವನ್ನು ಹೊತ್ತಿಸುತ್ತದೆ. ಎಂಜಿನ್ ಓಡಿಸದೆ ಕೀಲಿಯನ್ನು ಮಾತ್ರ ತಿರುಗಿಸಿದಾಗ ದೀಪ ಹೊತ್ತಲೇಬೇಕು. (ಹಳೆಯ ವಾಹನ ಮಾರುವಾಗ ಆ ವೈರನ್ನೇ ಕಿತ್ತಿಟ್ಟು ದೀಪದ ಕಾಟ ತಪ್ಪಿಸಿಕೊಳ್ಳುವ ಜಾಣರಿದ್ದಾರೆ, ಕೊಳ್ಳುವವರು ಇದನ್ನು ನೆನಪಿಡಬೇಕು.) ಆಮೇಲೆ ಸ್ವಿಚ್ಚಿನಿಂದ ವೈರನ್ನು ಬಿಡಿಸಿ. ದೀಪ ಆರಿದರೆ ವೈರಿನಲ್ಲಿ ದೋಷವಿಲ್ಲ. ಆರದಿದ್ದರೆ ವೈರ್ ಎಲ್ಲೋ ಸವೆದು ಬಾಡಿಗೆ ತಗುಲುತ್ತಿದೆ. ನಿಮ್ಮ ವ್ಯಾನಿನಲ್ಲಿ ಎರಡನೆಯ ಬ್ಯಾಟರಿಗಾಗಿ ಹೊಸ ವೈರಿಂಗ್ ಎಳೆದಿರುವುದರಿಂದ ಈ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ನಮ್ಮ ಮಳೆಗಾಲದಲ್ಲಿ ಕನೆಕ್ಟರಿನೊಳಗೆ ನೀರು ಸೇರಿ ಹಸಿರು ಕಿಲುಬು ಕಟ್ಟಿರುತ್ತದೆ, ಅದನ್ನೂ ನೋಡಿ. ಆದರೆ ಬಿಸಿಗೂ ವೇಗಕ್ಕೂ ಸರಿಯಾಗಿ ಪ್ರತಿಕ್ರಿಯಿಸುವ ದೀಪದ ದೋಷ ವೈರಿನದ್ದಾಗಿರುವುದು ಅಪರೂಪವೆಂದೇ ನನ್ನ ಅನಿಸಿಕೆ.

ಇಷ್ಟಾದ ಮೇಲೆ ಊಹೆಯನ್ನು ಬಿಟ್ಟು ಅಳತೆ ಮಾಡಬೇಕು. ಸ್ವಿಚ್ಚನ್ನು ಬಿಚ್ಚಿ ಅದೇ ತೂತಿಗೆ ಮೆಕ್ಯಾನಿಕಲ್ ಗೇಜನ್ನು ಕೂರಿಸಿ. ಮರೆಯ (ತಿರುಪಿನ ಗೆರೆಗಳ) ಅಳತೆ ಹೊಂದುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ, ಬಲವಂತವಾಗಿ ತಿರುಗಿಸಿ ಬ್ಲಾಕಿನ ಮರೆಯನ್ನು ಕೆಡಿಸಿಕೊಳ್ಳಬೇಡಿ. ತಣ್ಣಗಿದ್ದಾಗ ಒಮ್ಮೆ, ಅರ್ಧ ಗಂಟೆ ಏರು ಹತ್ತಿ ಬಂದ ಕೂಡಲೇ ನಿಂತಲ್ಲಿ ಒಮ್ಮೆ, ಅದೇ ಬಿಸಿಯಲ್ಲಿ ನಿಮಿಷಕ್ಕೆ 2,000 ಸುತ್ತುಗಳಲ್ಲಿ ಒಮ್ಮೆ, ಹೀಗೆ ಮೂರು ಅಂಕಿಗಳನ್ನು ಬರೆದುಕೊಳ್ಳಿ. ನಿಮ್ಮ ಎಂಜಿನ್ನಿನ ಕೈಪಿಡಿಯಲ್ಲಿರುವುದೇ ಅಂತಿಮ; ಅದು ಸಿಗದಿದ್ದರೆ ಪ್ರತಿ 1,000 ಸುತ್ತಿಗೆ 10 ಪಿಎಸ್‌ಐ, ಅಂದರೆ ಸುಮಾರು 0.7 ಬಾರ್ ಒತ್ತಡ ಇರಬೇಕೆಂಬ ಹಳೆಯ ಲೆಕ್ಕವನ್ನು ಹಿಡಿಯಬಹುದು. ದೀಪದ ಸ್ವಿಚ್ ಸಾಮಾನ್ಯವಾಗಿ 0.3ರಿಂದ 0.5 ಬಾರಿನ ಆಸುಪಾಸಿನಲ್ಲಿ ಹೊತ್ತಿಸುವಂಥದ್ದು, ಆದ್ದರಿಂದ ದೀಪ ಎಚ್ಚರಿಸುವ ಹೊತ್ತಿಗೆ ಒತ್ತಡ ಬಹಳವೇ ಇಳಿದಿರುತ್ತದೆ.

ಡಿಪ್‌ಸ್ಟಿಕ್ಕಿನ ವಿಷಯ: ಕೊಡಗಿನಲ್ಲಿ ಸಮತಟ್ಟಾದ ಅಂಗಳವಿರುವ ಮನೆಗಳು ಎಷ್ಟಿವೆ? ವ್ಯಾನನ್ನು ಕಾಫಿ ಒಣಗಿಸುವ ಕಣಕ್ಕೆ ಒಯ್ದು, ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ. ಕಣದಲ್ಲಿ ಕಾಫಿ ಹರಡಿದ್ದರೆ ಮನೆಯವರ ಅನುಮತಿ ಪಡೆಯುವುದು ಒಳ್ಳೆಯದು. ಹೆಚ್ಚಿದೆ ಎಂದು ನಿಮಗೆ ಕಂಡದ್ದು ಇಳಿಜಾರಿನ ಲೆಕ್ಕವಿರಬಹುದು.

ಚೆಟ್ಟಳ್ಳಿಯ ವ್ಯಾನ್

ವಿವರವಾದ ಉತ್ತರಕ್ಕೆ ಕೃತಜ್ಞನಾಗಿದ್ದೇನೆ. ವೈರ್ ಬಿಡಿಸಿದಾಗ ದೀಪ ಆರಿತು, ಕನೆಕ್ಟರ್ ಶುಚಿಯಾಗಿದೆ. ಗೇಜನ್ನು ಎರವಲು ತಂದು ಹಾಕಿದೆ. ತಣ್ಣಗಿದ್ದಾಗ 3.8 ಬಾರ್. ಕುಶಾಲನಗರಕ್ಕೆ ಇಳಿದು, ಅಲ್ಲಿಂದ ಸುಂಟಿಕೊಪ್ಪದ ಮೇಲೆ ಮಡಿಕೇರಿಗೆ ಹತ್ತಿ ನಿಲ್ಲಿಸಿದಾಗ ನಿಂತಲ್ಲಿ 0.4 ಬಾರ್, 2,000 ಸುತ್ತಿನಲ್ಲಿ 2.1 ಬಾರ್. ಅಂದರೆ ದೀಪ ಸುಳ್ಳು ಹೇಳಿಲ್ಲ. ಕಣದಲ್ಲಿ ನಿಲ್ಲಿಸಿ ನೋಡಿದೆ. ಆಯಿಲ್ ಮೇಲಿನ ಗೆರೆಗಿಂತ ಬೆರಳಿನಗಲ ಹೆಚ್ಚೇ ಇದೆ. ಬದಲಿಸಿದ ದಿನ ನಾನೇ ಅಳೆದು ಗೆರೆಯ ತನಕ ಹಾಕಿದ್ದೆ. ನಡುವೆ ಯಾರೂ ಆಯಿಲ್ ಸೇರಿಸಿಲ್ಲ. ಆಯಿಲ್ ತುಂಬುವ ಮುಚ್ಚಳದ ಒಳಮೈಯಲ್ಲಿ ಕೆನೆಯಂಥ ಬಿಳಿ ಪದರವೂ ಕಾಣುತ್ತಿದೆ. ರೇಡಿಯೇಟರ್ ನೀರು ಸೇರುತ್ತಿದೆಯೇ ಎಂಬ ಭಯ ಶುರುವಾಗಿದೆ.

ಡೀಸೆಲ್ ಮೆಕ್ಯಾನಿಕ್, ಗೋಣಿಕೊಪ್ಪ

ಆಯಿಲ್ ತಾನಾಗಿ ಹೆಚ್ಚಾಗುವುದಿಲ್ಲ, ಮಾನ್ಯರೇ. ಮೊದಲ ಬರಹದಲ್ಲೇ ನೀವು ಇದನ್ನು ಹೇಳಿದ್ದಿರಿ. ನಾವೆಲ್ಲರೂ ದೀಪದ ಹಿಂದೆ ಹೋದೆವು. ಸಂಪಿಗೆ, ಅಂದರೆ ನಮ್ಮ ಕಡೆಯ ಮೆಕ್ಯಾನಿಕರು ಚೇಂಬರ್ ಎನ್ನುವ ಭಾಗಕ್ಕೆ, ನೀರು ಇಲ್ಲವೇ ಡೀಸೆಲ್ ಸೇರುತ್ತಿದೆ.

ಮುಚ್ಚಳದ ಕೆನೆಯೊಂದನ್ನೇ ನೋಡಿ ಹೆಡ್ ಗ್ಯಾಸ್ಕೆಟ್ ಬಿಚ್ಚಿಸಬೇಡಿ. ತೇವದ ಹವೆಯಲ್ಲಿ ಹತ್ತಿರದ ಓಡಾಟಕ್ಕೆ ಮಾತ್ರ ಬಳಸುವ ವಾಹನಗಳಲ್ಲಿ ಒಳಗಿನ ಹಬೆ ತಣ್ಣಗಿನ ಮುಚ್ಚಳಕ್ಕೆ ತಗುಲಿ ಅಂಥ ಪದರ ಕಟ್ಟುವುದು ಇಲ್ಲಿ ಸಾಮಾನ್ಯ. ಡಿಪ್‌ಸ್ಟಿಕ್ಕಿನ ಆಯಿಲ್ ಕೂಡ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ರೇಡಿಯೇಟರಿನಲ್ಲಿ ನೀರು ಇಳಿಯುತ್ತಿದ್ದರೆ ಮಾತ್ರ ಹೆದರಬೇಕು. ಆಯಿಲ್ ಕಪ್ಪಾಗಿಯೇ ಇದ್ದು, ಬೆರಳಿಗೆ ಜಿಗುಟಿಲ್ಲದೆ ನೀರಿನಂತೆ ಜಾರಿ, ಮೂಸಿದರೆ ಡೀಸೆಲ್ ವಾಸನೆ ಬಂದರೆ ಉತ್ತರ ಸಿಕ್ಕಂತೆ. ಸುದ್ದಿಪತ್ರಿಕೆಯ ಕಾಗದದ ಮೇಲೆ ಒಂದು ಹನಿ ಬಿಟ್ಟು ಒಂದು ಗಂಟೆ ಬಿಡಿ. ನಡುವಿನ ಕಪ್ಪು ಕಲೆಯ ಸುತ್ತ ತಿಳಿಯಾದ ಎಣ್ಣೆಯ ಉಂಗುರ ಅಗಲವಾಗಿ ಹರಡಿದ್ದರೆ ಡೀಸೆಲ್ ಬೆರೆತಿದೆಯೆಂದು ಅನುಮಾನಿಸಬಹುದು.

ನಿಮ್ಮ ವ್ಯಾನಿನ ಕಾಲದ ಎಂಜಿನ್ನುಗಳಲ್ಲಿ ಡೀಸೆಲ್ ಒಳಬರುವ ದಾರಿಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಟ್ಯಾಂಕಿನಿಂದ ಡೀಸೆಲ್ ಎಳೆದುಕೊಡುವ ಫೀಡ್ ಪಂಪಿನದ್ದು. ಅದು ಬ್ಲಾಕಿಗೆ ಕೂರಿಸಿದ ಡಯಾಫ್ರಮ್ ಮಾದರಿಯದ್ದಾಗಿದ್ದರೆ, ಒಳಗಿನ ತೆಳುವಾದ ಪೊರೆ, ಅಂದರೆ ಡಯಾಫ್ರಮ್, ಸೀಳಿದಾಗ ಡೀಸೆಲ್ ನೇರವಾಗಿ ಚೇಂಬರಿಗೆ ಇಳಿಯುತ್ತದೆ. ಹೊರಗೆ ಒಂದು ತೊಟ್ಟೂ ಸೋರುವುದಿಲ್ಲವಾದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಪಂಪನ್ನು ಬಿಚ್ಚಿ, ಒಳಬರುವ ಪೈಪನ್ನು ಡೀಸೆಲ್ ಡಬ್ಬಿಯಲ್ಲಿಟ್ಟು, ಹೊರಹೋಗುವ ಬಾಯಿಯನ್ನು ಬೆರಳಿನಿಂದ ಮುಚ್ಚಿ ಲಿವರನ್ನು ಕೈಯಲ್ಲೇ ಆಡಿಸಿ. ಲಿವರಿನ ಕಡೆಯಿಂದ ಡೀಸೆಲ್ ಜಿನುಗಿದರೆ ಕಳ್ಳ ಸಿಕ್ಕ. ಪಂಪು ಸರಿಯಿದ್ದರೆ ಮುಂದಿನದು ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್‌ಗಳ ಪರೀಕ್ಷೆ, ಅದಕ್ಕೂ ಮುಂದಿನದು ಆ ನಾಜಲ್‌ಗಳಿಗೆ ಡೀಸೆಲ್ ತಳ್ಳುವ ದೊಡ್ಡ ಪಂಪಿನ ಶಾಫ್ಟಿನ ಸೀಲು.

ಅಲ್ಲಿಯವರೆಗೆ ವ್ಯಾನನ್ನು ಓಡಿಸಲೇಬೇಡಿ. ಬೇರಿಂಗ್ ಸವೆಯುತ್ತದೆ ಎಂಬುದಷ್ಟೇ ಕಾರಣವಲ್ಲ. ಚೇಂಬರಿನಲ್ಲಿ ಮಟ್ಟ ಮಿತಿ ಮೀರಿದರೆ ಡೀಸೆಲ್ ಎಂಜಿನ್ ಒಳಗಿನ ಹಬೆ ಹೊರಹೋಗುವ ಬ್ರೀದರ್ ಪೈಪಿನ ಮೂಲಕ ಆ ಮಿಶ್ರಣವನ್ನೇ ಎಳೆದುಕೊಂಡು ಉರಿಸಲಾರಂಭಿಸಬಹುದು. ಆಗ ಕೀಲಿ ತಿರುಗಿಸಿದರೂ ಅದು ನಿಲ್ಲದೆ ತಾನಾಗಿ ವೇಗ ಹೆಚ್ಚಿಸಿಕೊಳ್ಳುತ್ತಾ ಹೋಗುತ್ತದೆ.

ಕುಶಾಲನಗರದ ಚಾಲಕ

ನಮ್ಮ ಕಡೆ ಕೆಲವರು ಇಂಥ ಸಂದರ್ಭದಲ್ಲಿ ಇನ್ನೂ ಮಂದವಾದ 20ಡಬ್ಲ್ಯೂ-50 ಆಯಿಲ್ ಹಾಕಿ, ಒಂದು ಡಬ್ಬಿ ಮಂದಗೊಳಿಸುವ ದ್ರಾವಣವನ್ನೂ ಸುರಿಯುತ್ತಾರೆ. ದೀಪ ಆರುತ್ತದೆ. ಅದು ತಪ್ಪೇ?

ಡೀಸೆಲ್ ಮೆಕ್ಯಾನಿಕ್, ಗೋಣಿಕೊಪ್ಪ

ಬೇರಿಂಗ್ ಸವೆದಿದೆಯೆಂದು ಅಳತೆಯಿಂದ ಖಚಿತವಾಗಿ, ಕೆಲಸ ಮಾಡಿಸುವ ತನಕ ಕೆಲವು ತಿಂಗಳು ತಳ್ಳಬೇಕೆಂದಿದ್ದರೆ, ಮತ್ತು ಕೈಪಿಡಿ ಒಪ್ಪಿದರೆ, 20ಡಬ್ಲ್ಯೂ-50 ಹಾಕುವುದರಲ್ಲಿ ತಪ್ಪಿಲ್ಲ. ಕಾರಣ ತಿಳಿಯುವ ಮೊದಲೇ ಹಾಕುವುದು ತಪ್ಪು. ಈ ವ್ಯಾನಿಗೆ ಹಾಕಿದ್ದರೆ ದೀಪ ಆರುತ್ತಿತ್ತು, ಡೀಸೆಲ್ ಸೇರುತ್ತಲೇ ಇರುತ್ತಿತ್ತು.

ಚೆಟ್ಟಳ್ಳಿಯ ವ್ಯಾನ್

ಫೀಡ್ ಪಂಪಿನದ್ದೇ ದೋಷ. ಬಿಚ್ಚಿ ಲಿವರ್ ಆಡಿಸಿದ ನಾಲ್ಕನೆಯ ಬಾರಿಗೆ ಡೀಸೆಲ್ ಕೈಮೇಲೆ ಹರಿಯಿತು. ಹೊಸ ಪಂಪು ಹಾಕಿ, ಚೇಂಬರನ್ನು ಪೂರ್ತಿ ಬಸಿದು, ಫಿಲ್ಟರ್ ಸಹಿತ ಆಯಿಲ್ ಬದಲಿಸಿದೆ. ಹೊರಬಂದ ಆಯಿಲನ್ನು ಬಿಳಿಯ ತಟ್ಟೆಯಲ್ಲಿ ಬಿಸಿಲಿಗೆ ಹಿಡಿದು ನೋಡಿದಾಗ ಬೇರಿಂಗ್ ಸವೆದಾಗ ಕಾಣುವ ತಾಮ್ರದ ಬಣ್ಣದ ಮಿನುಗು ಎಲ್ಲೂ ಕಾಣಲಿಲ್ಲ. ಅದೇ ಮಡಿಕೇರಿಯ ಏರು ಹತ್ತಿದ ಮೇಲೆ ಈಗ ನಿಂತಲ್ಲಿ 0.9 ಬಾರ್, 2,000 ಸುತ್ತಿನಲ್ಲಿ 2.9 ಬಾರ್ ಬರುತ್ತಿದೆ. ಇಷ್ಟಕ್ಕೆ ತೃಪ್ತಿಪಡಬಹುದೇ? ಗೇಜನ್ನು ಡ್ಯಾಶ್‌ಬೋರ್ಡಿನಲ್ಲಿ ಕಾಯಮ್ಮಾಗಿ ಕೂರಿಸುವ ಆಲೋಚನೆಯೂ ಇದೆ.

ಡೀಸೆಲ್ ಮೆಕ್ಯಾನಿಕ್, ಗೋಣಿಕೊಪ್ಪ

ಇಪ್ಪತ್ತು ವರ್ಷ ದಾಟಿದ ಎಂಜಿನ್ನಿಗೆ ಇದು ಒಳ್ಳೆಯ ಅಂಕಿ. ಬೇರಿಂಗುಗಳು ಹೊಸದಲ್ಲ, ಆದರೆ ಈಗ ಬಿಚ್ಚಿಸುವ ಅಗತ್ಯವಿಲ್ಲ. ಹಳೆಯ ಡೀಸೆಲ್ ಒಳಗಿನ ಸಂದುಗಳಲ್ಲಿ ಇನ್ನೂ ಸ್ವಲ್ಪ ಉಳಿದಿರುವುದರಿಂದ ಈ ಆಯಿಲನ್ನು ಸಾವಿರ ಕಿಲೋಮೀಟರಿಗೇ ಬದಲಿಸಿ; ಅಲ್ಲಿಯವರೆಗೆ ವಾರಕ್ಕೊಮ್ಮೆ ಕಣದಲ್ಲೇ ನಿಲ್ಲಿಸಿ ಮಟ್ಟವನ್ನು ಗುರುತು ಹಾಕಿಕೊಳ್ಳಿ. ಮಟ್ಟ ಮತ್ತೆ ಏರಿದರೆ ನಾಜಲ್‌ಗಳನ್ನು ತೆಗೆದುಕೊಂಡು ಬನ್ನಿ. ಮುಂದೆ ಎಂದಾದರೂ ನಿಂತಲ್ಲಿ ಒತ್ತಡ ಸರಿಯಿದ್ದು, ವೇಗ ಏರಿಸಿದಾಗ ಮುಳ್ಳು ಕೆಳಗಿಳಿದರೆ ಅದು ಬೇರೆ ಕಾಯಿಲೆ: ಚೇಂಬರಿನೊಳಗಿನ ಜಾಲರಿ ಗಸಿಯಿಂದಲೋ, ಗ್ಯಾಸ್ಕೆಟ್ ಅಂಟಿನ ಚೂರುಗಳಿಂದಲೋ ಕಟ್ಟಿಕೊಂಡಿರುತ್ತದೆ. ತಣ್ಣಗಿರಲಿ ಬಿಸಿಯಿರಲಿ, ಎಲ್ಲ ವೇಗದಲ್ಲೂ ಒಂದೇ ಸಮನೆ ಕಡಿಮೆ ತೋರಿಸಿದರೆ ಮೊದಲು ಹೆಚ್ಚಿನ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆಯೇ ಎಂದು ನೋಡಬೇಕು.

ಗೇಜನ್ನು ಅವಶ್ಯವಾಗಿ ಕೂರಿಸಿ, ಆದರೆ ಅದರೊಡನೆ ಬರುವ ನೈಲಾನ್ ಕೊಳವೆಯನ್ನು ಹಾಕಬೇಡಿ. ಸೈಲೆನ್ಸರ್ ಪೈಪಿಗೆ ತಗುಲಿ ಕರಗಿದರೆ ಕುದಿಯುವ ಆಯಿಲ್ ಕಾಲಮೇಲೆ ಚಿಮ್ಮುತ್ತದೆ. ಒತ್ತಡವನ್ನು ವೈರಿನ ಮೂಲಕ ತಿಳಿಸುವ ವಿದ್ಯುತ್ ಸೆಂಡರ್ ಇರುವ ಗೇಜನ್ನೇ ಕೊಂಡು, ಟಿ ಆಕಾರದ ಜೋಡಣೆಯ ಮೂಲಕ ಹಳೆಯ ಸ್ವಿಚ್ಚನ್ನೂ ಅದರ ಪಕ್ಕದಲ್ಲೇ ಉಳಿಸಿಕೊಳ್ಳಿ. ಘಟ್ಟದ ತಿರುವುಗಳಲ್ಲಿ ಮುಳ್ಳನ್ನು ನೋಡುತ್ತಾ ಓಡಿಸಲು ಆಗುವುದಿಲ್ಲ, ಕೆಂಪು ದೀಪ ಕಣ್ಣಿಗೆ ಬೀಳುತ್ತದೆ.